ನೋಡದೆ ಬರೆದ ಊರು

ಮುಂಬೈಯ ಅಂಧೇರಿಯ ಒಂದು ಟೂರ್ ಆಫೀಸಿಗೆ ನಾನು ಬಹಳ ವರ್ಷ ಕರಪತ್ರ ಬರೆದುಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಬಂದದ್ದನ್ನು ಮರಾಠಿಗೆ, ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ದಾದರಿನ ಚಾಳಿನ ವಠಾರದಲ್ಲಿ ಬೆಳೆದು ಮರಾಠಿ ಶಾಲೆಯಲ್ಲಿ ಕಲಿತವಳು. ಮನೆಯಲ್ಲಿ ವಿಜಯಪುರದ ಕನ್ನಡ. ಎರಡೂ ಭಾಷೆ ಕೈಯಲ್ಲಿದ್ದುದರಿಂದ ಊರುಗಳನ್ನು ನೋಡುವ ಅಗತ್ಯ ಬೀಳಲಿಲ್ಲ. ಕಾಶಿಯನ್ನೂ ಕೇರಳವನ್ನೂ ದುಬೈಯನ್ನೂ ಈಗ ನಾನಿರುವ ಬೊರಿವಲಿಯಿಂದ ಅಂಧೇರಿಗೆ ಹೋಗುವ ಲೋಕಲ್ ಟ್ರೇನಿನಲ್ಲೇ ಬರೆದು ಮುಗಿಸಿದ್ದೇನೆ. ಕೂರಲು ಜಾಗ ಸಿಕ್ಕ ದಿನ ಕಾಶಿ ಸ್ವಲ್ಪ ಉದ್ದವಾಗುತ್ತಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಆಫೀಸಿನ ಸೇಠರು ಹೊಸ ಟೂರಿನ ಸುದ್ದಿ ಹೇಳಿದರು. ಒಂದೇ ದಿನದ್ದು. ಬೆಳಿಗ್ಗೆ ಬೊರಿವಲಿಯ ಕಾಡಿನಲ್ಲಿ ಸಫಾರಿ ಬಸ್ಸು, ಮಧ್ಯಾಹ್ನ ಊಟ, ಆಮೇಲೆ ಕಾಡಿನ ಅಂಚಿನಲ್ಲಿರುವ ಒಂದು ಪಾಡಾಕ್ಕೆ ಭೇಟಿ. ಪಾಡಾ ಎಂದರೆ ಆದಿವಾಸಿಗಳ ಸಣ್ಣ ಕೇರಿ; ಇಲ್ಲಿಯವರು ವಾರ್ಲಿಗಳು. ಇದಕ್ಕೆ ಇಂಗ್ಲಿಷಿನಲ್ಲಿ ಏನೂ ಬರೆದಿರಲಿಲ್ಲ. ಅವರು ಡ್ರಾಯರಿನಿಂದ ಆಫ್ರಿಕಾ ಟೂರಿನ ಕರಪತ್ರ ತೆಗೆದು ನನ್ನ ಮುಂದಿಟ್ಟರು. ಅದರಲ್ಲೂ ಬೆಳಿಗ್ಗೆ ಸಫಾರಿ, ಮಧ್ಯಾಹ್ನದ ಮೇಲೆ ಮಸಾಯಿ ಎಂಬ ದನಗಾಹಿ ಜನರ ಹಳ್ಳಿ.

“ಸಿಂಹ ಇರೋ ಕಡೆ ಹುಲಿ ಹಾಕಿ, ಮಸಾಯಿ ಇರೋ ಕಡೆ ವಾರ್ಲಿ ಹಾಕಿ. ಸೇಮ್ ಟು ಸೇಮ್,” ಎಂದರು.

ಹಾಗೇ ಮಾಡಿದೆ. ನನಗೆ ಆಗಲೇ ಒಳಗೊಳಗೆ ಅಳುಕಿತ್ತು ಎಂದು ಬರೆಯಲು ಈಗ ಕೈ ಹೋಗುತ್ತಿದೆ. ಅಳುಕಿರಲಿಲ್ಲ. ತಿರುಗಿ ನೋಡಿದರೆ ನನ್ನ ಬಗ್ಗೆ ನನಗೇ ಸಮಾಧಾನವಿತ್ತು. ಎತ್ತರಕ್ಕೆ ಜಿಗಿಯುವ ಯುವಕರನ್ನು ತೆಗೆದು ಸುತ್ತಿ ಕುಣಿಯುವ ಹೆಂಗಸರನ್ನು ಹಾಕಿದೆ. ದನದ ರಕ್ತಕ್ಕೆ ಹಾಲು ಬೆರೆಸಿ ಕುಡಿಯುತ್ತಾರೆ ಎಂಬಲ್ಲಿ ರಕ್ತ ತೆಗೆದು ಹಾಲು ಉಳಿಸಿದೆ. ದನಗಳು ಹಾಗೇ ಉಳಿದವು. ದನಗಳು ಉಳಿದ ಮೇಲೆ ಹುಲ್ಲು ಬೇಕಾಯಿತು. ಮೂಲದಲ್ಲಿ ಒಣ ಇಂಗ್ಲಿಷಿನಲ್ಲಿದ್ದ ಒಂದು ಮಾತನ್ನು ಸಾಣೆ ಹಿಡಿದು ಹೀಗೆ ಬರೆದೆ: “ಇವರು ಒಂದೆಡೆ ನಿಲ್ಲುವವರಲ್ಲ. ಹುಲ್ಲು ಇದ್ದತ್ತ ದನ, ದನ ಇದ್ದತ್ತ ಇವರು. ಇಂದು ಕಂಡ ಮನೆ ನಾಳೆ ಇಲ್ಲದಿರಬಹುದು.” ಮರಾಠಿಯಲ್ಲಿ ಇದು ಇನ್ನೂ ಚೆನ್ನಾಗಿ ಬಂದಿತ್ತು.

ಎರಡು ವರ್ಷದ ಮೇಲೆ ಅದೇ ಟೂರಿನಲ್ಲಿ ಎರಡು ಸೀಟು ಖಾಲಿ ಉಳಿದವು, ಬೇಕಾದರೆ ಬನ್ನಿ ಎಂದು ಸೇಠರು ಕರೆದರು. ನಾನು ಚಿಗವ್ವನನ್ನು ಕರೆದುಕೊಂಡು ಹೋದೆ. ಚಿಗವ್ವ ನನ್ನ ತಾಯಿಯ ತಂಗಿ. ಎಪ್ಪತ್ತು ದಾಟಿದ್ದಾಳೆ, ಇನ್ನೂ ದಾದರಿನಲ್ಲೇ ಇದ್ದಾಳೆ. ಮದುವೆಯಾಗಿ ಮುಂಬೈಗೆ ಬಂದು ಅರ್ಧ ಶತಮಾನವಾದರೂ ಅವಳ ಮಾತು ಇನ್ನೂ ವಿಜಯಪುರದ ಗಾಡಿ ಇಳಿದಿಲ್ಲ.

ದಾದರ್ ಸ್ಟೇಷನ್ನಿನ ಹೊರಗೆ ಆರು ಗಂಟೆಗೆ ಮಿನಿಬಸ್ಸು ಹತ್ತುವಾಗಲೇ ಶುರು ಮಾಡಿದಳು. “ಹುಲಿ ನೋಡಾಕ ಇಷ್ಟ ಲಗೂನ ಯಾಕ ಏಳಬೇಕವಾ? ಅದಕ್ಕೂ ಆಫೀಸ್ ಐತೇನು?”

“ಬಿಸಿಲೇರಿದ್ರೆ ನೆರಳಿಗೆ ಹೋಗ್ತಾವಂತ.”

“ಶ್ಯಾಣ್ಯಾ ಐತಿ ಹಂಗಾರ.”

ಮಡಿಲಲ್ಲಿ ಬಟ್ಟೆಯ ಗಂಟಿತ್ತು. ಊಟ ಅವರೇ ಕೊಡುತ್ತಾರೆ ಎಂದು ಎರಡು ಸಲ ಹೇಳಿದ್ದೆ. ಇದು ತಿನ್ನಲಿಕ್ಕಲ್ಲ ಎಂದಳು, ಯಾತಕ್ಕೆಂದು ಹೇಳಲಿಲ್ಲ.

ನಮ್ಮ ಗೈಡ್ ನಲವತ್ತರ ಗಂಡಸು, ಖಾಕಿ ಟೋಪಿ, ಕೈಯಲ್ಲಿ ಮೈಕು. ಅಂಧೇರಿ ದಾಟುವಷ್ಟರಲ್ಲಿ ಅವರು ನನ್ನ ವಾಕ್ಯಗಳನ್ನೇ ಹಿಂದಿಯಲ್ಲಿ ಒಪ್ಪಿಸುತ್ತಿದ್ದಾರೆಂದು ಗೊತ್ತಾಯಿತು. ಹೆಮ್ಮೆಯಾಯಿತು. ಚಿಗವ್ವನ ಕಿವಿಯಲ್ಲಿ “ಇದನ್ನ ಬರ್ದಾಕಿ ನಾನು” ಎಂದೆ. ಆಮೇಲೆ ಬೇಡವಾಗಿ ಕಂಡ ಮಾತು ಇದು. ಆದರೆ ಹೇಳಿದ್ದು ಹೌದು, ಚಿಗವ್ವನೇ ಸಾಕ್ಷಿ.

ಹುಲಿ ಕಂಡಿತು. ಬಸ್ಸಿನ ಕಿಟಕಿಗೆ ಕಬ್ಬಿಣದ ಜಾಲರಿ; ಅದರಾಚೆ ತುಸು ದೂರದಲ್ಲಿ ಒಂದು ಕಟ್ಟೆಯ ನೆರಳಿಗೆ ಹೊಟ್ಟೆ ಹಚ್ಚಿ ಮಲಗಿತ್ತು. ಎಲ್ಲರೂ ಫೋನ್ ಎತ್ತಿದರು. ಚಿಗವ್ವ ಬಹಳ ಹೊತ್ತು ನೋಡಿ ಹೇಳಿದಳು: “ಅದು ಆರಾಮ ಮಲಗೇತಿ. ಜಾಳಗಿ ಒಳಗ ನಾವ ಕುಂತೀವಿ. ಯಾರನ್ನ ಯಾರು ನೋಡಾಕ ಬಂದಾರ?” ಮುಂದಿನ ಸೀಟಿನ ಧಾರವಾಡದ ಗಂಡಹೆಂಡತಿ ನಕ್ಕರು. ಹುಲಿ ಕಿವಿ ಆಡಿಸಿತೋ ಇಲ್ಲವೋ, ನಮ್ಮಿಬ್ಬರಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಊಟವಾದ ಮೇಲೆ ಪಾಡಾಕ್ಕೆ ನಡೆದುಕೊಂಡು ಹೋದೆವು. ಹತ್ತು ಹದಿನೈದು ಮನೆ. ಮುಂದಿನ ಗೋಡೆಗಳಿಗೆ ಕೆಮ್ಮಣ್ಣು ಬಳಿದು ಬಿಳಿ ಚಿತ್ರ ಬರೆದಿದ್ದರು. ಪಕ್ಕಕ್ಕೆ ಸರಿದು ನೋಡಿದರೆ ಅದೇ ಮನೆಯ ಉಳಿದ ಮೂರು ಗೋಡೆ ಇಟ್ಟಿಗೆಯವು. ಒಂದು ಬಾಗಿಲ ಪಕ್ಕ ಮೊರವೊಂದು ಗೋಡೆಗೆ ತೂಗುಬಿದ್ದಿತ್ತು. ಗಾಳಿಗೆ ಸರಿದಾಗ ಹಿಂದೆ ಕರೆಂಟಿನ ಮೀಟರು ಕಂಡಿತು. ಹೆಂಗಸರು ಮೊಣಕಾಲವರೆಗೆ ಸೀರೆ ಕಟ್ಟಿ ಸಾಲಾಗಿ ನಿಂತಿದ್ದರು. ಗೈಡ್ ಮೈಕ್ ಎತ್ತಿದರು: ಇವರು ಒಂದೆಡೆ ನಿಲ್ಲುವವರಲ್ಲ, ಹುಲ್ಲು ಇದ್ದತ್ತ ದನ...

“ದನ ಎಲ್ಲಿ ಅದಾವು?” ಚಿಗವ್ವ ಜೋರಾಗಿಯೇ ಕೇಳಿದಳು, ತನ್ನ ಹಿಂದಿಯಲ್ಲಿ. ಅವಳ ಹಿಂದಿಗೆ ಗಂಡುಹೆಣ್ಣಿನ ಭೇದವಿಲ್ಲ, ನಿನ್ನೆ ನಾಳೆಯ ಭೇದವೂ ಇಲ್ಲ.

ಸಾಲಿನಲ್ಲಿದ್ದ ಒಬ್ಬ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಸುಮಾರು ನನ್ನದೇ ವಯಸ್ಸು, ನಲವತ್ತೈದರ ಆಸುಪಾಸು. “ದನ ಇಲ್ಲ ಆಜೀ,” ಎಂದಳು ಮರಾಠಿಯಲ್ಲಿ. “ಹಾಲಿನ ಪ್ಯಾಕೆಟ್ ತರ್ತೀವಿ.”

ಗೈಡ್ ಗಂಟಲು ಸರಿಮಾಡಿಕೊಂಡು ಕುಣಿತ ಶುರು ಮಾಡಿಸಿದರು. ಪ್ರವಾಸಿಗರೂ ಕೈಹಿಡಿದು ಸುತ್ತು ಸೇರಿದರು. ಚಿಗವ್ವ ಸೇರಲಿಲ್ಲ. ನಗು ತಡೆಯದ ಆ ಹೆಂಗಸಿನ ಹತ್ತಿರ ಹೋಗಿ ಗಂಟು ಮುಂದೆ ಹಿಡಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಹೊಸ ಕುಪ್ಪಸದ ಖಣ. ಆಗ ಅರ್ಥವಾಯಿತು. ಕರಪತ್ರದಲ್ಲಿ “ಹಳ್ಳಿಗೆ ಭೇಟಿ” ಎಂದಿದ್ದುದನ್ನು ನಾನು ಅವಳಿಗೆ ಓದಿ ಹೇಳಿದ್ದೆ. ಅದು ಟೂರಿನ ಒಂದು ಐಟಂ ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಮೊದಲ ಸಲ ಒಂದು ಮನೆಗೆ ಹೋಗುತ್ತಿದ್ದೇವೆ, ಬರಿಗೈಯಲ್ಲಿ ಹೋಗಬಾರದು, ಮನೆಯ ಹೆಣ್ಣುಮಗಳಿಗೆ ಉಡಿ ತುಂಬಬೇಕು: ಅವಳು ತಯಾರಾಗಿ ಬಂದದ್ದು ಇಷ್ಟಕ್ಕೆ.

ಗೈಡ್ ಓಡಿ ಬಂದರು. “ಆಜೀ, ಗಿಫ್ಟ್ ಅಲೌಡ್ ಇಲ್ಲ. ರೂಲ್ ಇದೆ.”

“ಗಿಫ್ಟ್ ಅಲ್ಲಪಾ, ರೊಟ್ಟಿ,” ಎಂದಳು ಚಿಗವ್ವ ಕನ್ನಡದಲ್ಲೇ. “ಹಾದ್ಯಾಗ ನಿಂತು ಉಡಿ ತುಂಬತಾರೇನು? ಒಳಗ ಕರಿ ಅಂತ ಹೇಳು ಆಕಿಗೆ.”

ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಉಡಿ ತುಂಬುವುದು ಮರಾಠಿ ಹೆಂಗಸರಿಗೂ ಗೊತ್ತು. ಆ ಹೆಂಗಸು ಗೈಡಿನ ಮುಖ ನೋಡಿದಳು, ಚಿಗವ್ವನ ಮುಖ ನೋಡಿದಳು, ನಮ್ಮನ್ನು ಮನೆಯೊಳಗೆ ಕರೆದಳು. ಟೂರಿನಲ್ಲಿ ಮನೆಯ ಒಳಗೆ ಹೋಗುವುದು ಇಲ್ಲ. ಹೊರಗಿನ ಗೋಡೆಯವರೆಗೆ ಮಾತ್ರ.

ಒಳಗೆ ಫ್ರಿಜ್, ಟೀವಿ, ಮಗಳು ಕಾಲೇಜಿನ ಕೋಟು ಹಾಕಿಕೊಂಡು ತೆಗೆಸಿದ ಫೋಟೋ. ಭಾನುವಾರ ಬಿಟ್ಟು ಉಳಿದ ದಿನ ಆಕೆ ಬೊರಿವಲಿಯ ಎರಡು ಬಿಲ್ಡಿಂಗುಗಳಲ್ಲಿ ಅಡುಗೆ ಮಾಡುತ್ತಾಳಂತೆ. ಅದರಲ್ಲೊಂದು ನಮ್ಮ ಬಿಲ್ಡಿಂಗಿನಿಂದ ಮೂರನೆಯದು. ಚಿಗವ್ವ ಕುಂಕುಮ ಹಚ್ಚಿ, ಸೆರಗಿಗೆ ರೊಟ್ಟಿ ಖಣ ಹಾಕಿ, ಮುಂಬೈಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದಳು: “ಊರು ಯಾವುದು?”

“ಇದೇ.”

“ಹಂಗಲ್ಲವಾ. ದೀಪಾವಳಿಗೆ ಹೊಕ್ಕೀರಲ್ಲ, ಆ ಊರು.”

ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಆಕೆ ನೆಲ ತೋರಿಸಿದಳು. “ದೀಪಾವಳಿಗೆ ನೀವೆಲ್ಲ ಊರಿಗೆ ಹೋಗ್ತೀರಲ್ಲ ತಾಈ, ಆಗ ಇಲ್ಲಿ ಉಳಿಯೋರು ನಾವು. ನಮ್ಮತ್ತೆ, ಅವರತ್ತೆ, ಎಲ್ಲ ಇಲ್ಲೇ.” ತಾಈ ಎಂದರೆ ಅಕ್ಕ. ಅಲ್ಲಿಯವರೆಗೆ ಮ್ಯಾಡಮ್ ಎನ್ನುತ್ತಿದ್ದಳು.

ಆಮೇಲೆ, ನಾನು ಮರಾಠಿ ಓದಬಲ್ಲವಳು ಎಂದು ಖಾತ್ರಿ ಮಾಡಿಕೊಂಡು, ಕಪಾಟಿನ ಮೇಲಿಂದ ಪ್ಲಾಸ್ಟಿಕ್ಕಿನ ಫೈಲ್ ತೆಗೆದಳು. ಮನೆ ನಿಂತ ನೆಲ ತಮ್ಮದೆಂದು ದಾಖಲೆಯಾಗಲಿ ಎಂದು ಪಾಡಾದವರು ಅರ್ಜಿ ಹಾಕಿದ್ದರು. ಹಳಬರೆಂದು ತೋರಿಸಬೇಕು, ತೋರಿಸಿದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಏಳಬೇಕು. ಕಳೆದ ವಿಚಾರಣೆಯಲ್ಲಿ, ಆ ಜಾಗ ತನ್ನದೆನ್ನುವ ಪಕ್ಕದ ಜಮೀನಿನವನ ವಕೀಲ ಒಂದು ಕಾಗದ ಹಿಡಿದು, ವಿಚಾರಣೆ ನಡೆಸುವ ಸರ್ಕಾರಿ ಸಾಹೇಬರ ಮುಂದೆ ಓದಿದ್ದನಂತೆ. ಇವರು ಅಲೆಮಾರಿಗಳು ಎಂದು ಅಚ್ಚಾಗಿದೆ, ಇವರೇ ಇದನ್ನು ಹೇಳಿಕೊಂಡು ಕುಣಿಯುತ್ತಾರೆ ಎಂಬುದು ಅವನ ವಾದ. ಆ ಕಾಗದದ ಪ್ರತಿ ಫೈಲಿನ ಮೇಲೇ ಇತ್ತು. ನನ್ನ ಕರಪತ್ರ. ನನ್ನ ಮೂರು ವಾಕ್ಯದ ಕೆಳಗೆ ಕೆಂಪು ಗೆರೆ.

“ಇದನ್ನ ಯಾರು ಬರೆದರೋ,” ಎಂದಳು. “ಆಫೀಸಿನವರನ್ನ ಕೇಳಿದರೆ ಯಾರೋ ಹೆಂಗಸು ಅಂತಾರೆ. ನಿಮಗೆ ಗೊತ್ತಿದ್ದರೆ ಕೇಳಿ ತಾಈ, ತೆಗೀರಿ ಅಂತ. ಮುಂದಿನ ತಾರೀಖು ಅಮಾವಾಸ್ಯೆ ಕಳೆದ ಮೇಲೆ.”

ಆ ರಾತ್ರಿ ನಾನು ಬರೆದಿಟ್ಟ ಟಿಪ್ಪಣಿಯಲ್ಲಿ, ನಾನು ತಕ್ಷಣ “ಬರೆದವಳು ನಾನೇ” ಎಂದೆ ಎಂದಿದೆ. ಅದು ಸುಳ್ಳು. ಮರುದಿನ ಅದನ್ನು ತಿದ್ದಿ, ಒಂದು ನಿಮಿಷ ಸುಮ್ಮನಿದ್ದೆ ಎಂದು ಬರೆದೆ. ಅದೂ ಸಾಲದು. ನಾನು ಕಾಗದವನ್ನು ಮೊದಲ ಸಲ ಓದುವವಳಂತೆ ಓದಿದೆ. ಓದಿ, “ಛೆ” ಎಂದೆ. ಫೈಲ್ ತಿರುಗಿ ಕೊಟ್ಟೆ. ಹೊರಗೆ ಕುಣಿತ ನಡೆದಿತ್ತು.

ಚಿಗವ್ವ ಕನ್ನಡದಲ್ಲಿ ಕೇಳಿದಳು, ಹವಾಮಾನ ಕೇಳುವ ದನಿಯಲ್ಲಿ: “ಇದನ್ನ ಬರ್ದಾಕಿ ನೀನ ಅಲ್ಲೇನು?”

“ಚಿಗವ್ವ, ಆಮ್ಯಾಲೆ.”

“ಆಮ್ಯಾಲೆ ಬಸ್ ಹೊಂಡತೈತಿ. ಈಗ ಉಡಿ ತುಂಬೇನಿ. ಉಡಿ ತುಂಬಿದ ಮನ್ಯಾಗ ಸುಳ್ಳ ಹೇಳಿ ಎದ್ದು ಹೋಗೂದಾ?”

“ನಾ ಸುಳ್ಳು ಎಲ್ಲಿ ಹೇಳ್ದೆ?”

“ಛೆ ಅಂದಿಯಲ್ಲ, ಮತ್ತೇನದು? ಹೇಳತೀಯೋ, ನಾ ಹೇಳ್ಲೋ? ನನ್ನ ಹಿಂದಿ ನಿನಗ ಗೊತ್ತೈತಿ.”

ಆ ಹೆಂಗಸು ಒಂದಕ್ಷರ ಅರ್ಥವಾಗದೆ ಇಬ್ಬರನ್ನೂ ನೋಡುತ್ತಿದ್ದಳು. ನಾನು ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಸಹಜವಾಗಿ ಕೇಳಿದಳು: “ಬರೆಯೋ ಮೊದಲು ಯಾವಾಗ ಬಂದಿದ್ದಿ?”

“ಬಂದಿರಲಿಲ್ಲ.”

“ಮತ್ತೆ ಹೆಂಗೆ ಗೊತ್ತಾಯಿತು?”

ಆಫ್ರಿಕಾ ಎಂದೆ. ಇನ್ನೊಂದು ದೇಶದ ಜನರ ಬಗ್ಗೆ ಇದ್ದದ್ದನ್ನು ಹೆಸರು ಬದಲಿಸಿ ಬರೆದೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಇಷ್ಟು ದೊಡ್ಡ ತಪ್ಪಿಗೆ ಇಷ್ಟು ಸಣ್ಣ ಕಾರಣವಿರಲಾರದು ಎಂಬಂತೆ ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಹೇಳಿದೆ. ಆಗ ಎದ್ದು ಹೋಗಿ ಮಗಳ ನೋಟ್‌ಬುಕ್ಕಿನಿಂದ ನಡುವಿನ ಹಾಳೆ ಕಿತ್ತು ಪೆನ್ನಿನ ಜೊತೆ ತಂದಿಟ್ಟಳು. “ಇದನ್ನೇ ಬರಿ. ನೋಡದೆ ಬರೆದೆ ಅಂತ. ಕೆಳಗೆ ಸಹಿ.”

ಹೊರಗೆ ಗೈಡ್ ನಮ್ಮ ಹೆಸರು ಕೂಗುತ್ತಿದ್ದರು. ಸಹಿ ಹಾಕಿದರೆ ಅಂಧೇರಿಯ ಕೆಲಸ ಹೋಗುತ್ತದೆಂದು ಗೊತ್ತಿತ್ತು. ನನ್ನ ಬರಹದ ಕೆಳಗೆ ಅಲ್ಲಿಯವರೆಗೆ ಎಂದೂ ನನ್ನ ಹೆಸರಿರಲಿಲ್ಲ. ಬರೆದೆ. ಅಕ್ಷರ ಸೊಟ್ಟಗಾದ ಕಡೆ ಹೊಡೆದು ಮತ್ತೆ ಬರೆಯಲಿಕ್ಕೆ ಬಿಡಲಿಲ್ಲ ಅವಳು. ಹೊಡೆದದ್ದು ಕಂಡರೆ ವಕೀಲ ಹಿಡಿಯುತ್ತಾನೆ ಎಂದು ಹೊಸ ಹಾಳೆ ಕೊಟ್ಟಳು. ಮೂರನೆಯ ಹಾಳೆ ಸರಿಯಾಯಿತು. ವಿಳಾಸ ಹಾಕಿಸಿಕೊಂಡಳು. ಆ ತಾರೀಖಿಗೆ ನೀನೇ ಬಂದು ಹೇಳಬೇಕು ಎಂದಳು. ಬರುತ್ತೇನೆ ಎಂದೆ.

ಬಸ್ಸಿನಲ್ಲಿ ಎಲ್ಲರೂ ನಮಗಾಗಿ ಕಾದಿದ್ದರು. “ಏನ್ ಅಜ್ಜಿ, ಅಲ್ಲೇ ಉಳೀತೀರೇನೋ ಅಂದ್ಕೊಂಡ್ವಿ,” ಎಂದರು ಧಾರವಾಡದವರು. ಚಿಗವ್ವ ಕಾಲು ನೀವಿಕೊಂಡು ಕೂತಳು.

ಮರುದಿನ ಅಂಧೇರಿಗೆ ಹೋಗಿ ಕರಪತ್ರ ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ಸೇಠರು ಕೆಟ್ಟವರಲ್ಲ. ಚಹಾ ತರಿಸಿದರು. “ಅರೆ, ಕರಪತ್ರ ಯಾರು ಓದ್ತಾರೆ?” ಎಂದರು. ವಿಚಾರಣೆಯಲ್ಲಿ ಒಬ್ಬ ವಕೀಲ ಓದಿದ ಎಂದೆ. “ಟೂರಿಸ್ಟಿಗೆ ಅಲೆಮಾರಿ ಅಂದ್ರೆ ಇಷ್ಟ. ಮನೆ ಇದೆ, ಮೀಟರ್ ಇದೆ, ಮಗಳು ಕಾಲೇಜಿಗೆ ಹೋಗ್ತಾಳೆ ಅಂದ್ರೆ ಯಾರು ಬರ್ತಾರೆ? ಅದನ್ನ ತಮ್ಮ ಬಿಲ್ಡಿಂಗಲ್ಲೇ ನೋಡಬಹುದು,” ಎಂದರು. ಸಹಿ ಮಾಡಿ ಕೊಟ್ಟು ಬಂದಿದ್ದೇನೆ ಎಂದಾಗ ಚಹಾದ ಲೋಟ ಕೆಳಗಿಟ್ಟರು. ಹಾಗಾದರೆ ನೀವು ಆ ಕಡೆಯವರು ಎಂದರು. ನಾನು ಯಾವ ಕಡೆಯವಳೂ ಅಲ್ಲ, ತಪ್ಪು ನನ್ನದು ಎಂದೆ. ಈ ಮಾತು ಅಂದೇ ಆಡಿದೆನೋ, ವಾಪಸು ಬರುವ ಟ್ರೇನಿನಲ್ಲಿ ಹೊಳೆಯಿತೋ ಹೇಳಲಾರೆ. ಆಫೀಸಿನಿಂದ ಮತ್ತೆ ಕೆಲಸ ಬರಲಿಲ್ಲ ಎಂಬುದು ಮಾತ್ರ ಖಚಿತ.

ವಿಚಾರಣೆಯ ದಿನ ಕಚೇರಿಯ ಹೊರಗೆ ಆಕೆ, ಆಕೆಯ ಅತ್ತೆ, ಪಾಡಾದ ಇನ್ನೂ ಆರೇಳು ಜನ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಆಕೆ ಹೇಳಿದಳು: “ಇನ್ನೊಂದು ಮಾತು ಸೇರಿಸು ತಾಈ. ನೀನು ಬೊರಿವಲಿಯವಳೇ ಅಲ್ವಾ? ಇಪ್ಪತ್ತು ವರ್ಷದಿಂದ ಈ ಮನೆಗಳನ್ನ ನೋಡಿದ್ದೀನಿ ಅನ್ನು.”

“ನೋಡಿಲ್ಲ.”

“ನಾವು ಇದ್ದೀವಿ ಅನ್ನೋದು ನಿಜ ತಾನೇ?”

“ನಿಜ ಅಂತ ನಂಬಿದ್ದೀನಿ. ನೋಡಿಲ್ಲ.”

ಆಕೆಯ ಮುಖ ಕೆಂಪಾಯಿತು. “ಅವರಿಗೆ ನೋಡದೆ ಬರೆದುಕೊಟ್ಟೆ. ನನಗೆ ನೋಡದೆ ಒಂದು ಮಾತು ಹೇಳೋಕೆ ಆಗಲ್ವಾ?”

ಹೇಳಿಬಿಡಬೇಕೆಂದು ಬಾಯವರೆಗೆ ಬಂತು. ನನ್ನ ಕೈ ಅಷ್ಟು ಸಲೀಸಾಗಿ ಸುಳ್ಳು ಬರೆದಿತ್ತು, ನಾಲಗೆಗೇನು ಕಷ್ಟ? ಆದರೆ ನನ್ನ ಬಳಿ ಕೊಡಲಿಕ್ಕೆ ಇದ್ದದ್ದು ಒಂದೇ: ನಾನು ನೋಡದೆ ಬರೆದವಳು ಎಂಬ ಸಂಗತಿ. ಇನ್ನೊಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದೂ ಹೋಗುತ್ತದೆ. ಅಷ್ಟನ್ನೇ ಹೇಳಿದೆ. ಅವಳು ತಿರುಗಿ ಹೋಗಿ ಬೆಂಚಿನ ತುದಿಯಲ್ಲಿ ಅತ್ತೆಯ ಪಕ್ಕ ಕೂತಳು. ಕರೆಯುವವರೆಗೆ ನನ್ನ ಕಡೆ ನೋಡಲಿಲ್ಲ.

ಒಳಗೆ ಅರ್ಜಿ ಕೇಳುವ ಸಾಹೇಬರು ನನ್ನ ಕಾಗದ ಓದಿದರು. ಎದುರು ಪಕ್ಷದ ವಕೀಲ ಮೊದಲು ಕೇಳಿದ್ದೇ ಇದು: “ಈ ಪಾಡಾವನ್ನು ನೀವು ಎಷ್ಟು ಸಲ ನೋಡಿದ್ದೀರಿ?”

“ಒಂದು ಸಲ. ಒಂದು ಭಾನುವಾರ, ಊಟದ ನಂತರ.”

“ಒಂದೇ ಭಾನುವಾರ. ಹಾಗಿದ್ದರೆ ಇವರು ಇಲ್ಲಿ ಹಳಬರೆಂದು ನೀವು ಹೇಗೆ ಹೇಳುತ್ತೀರಿ?”

“ನಾನು ಹೇಳುತ್ತಿಲ್ಲ. ಅಲೆಮಾರಿಗಳು ಎಂದು ಬರೆದಾಗ ನಾನು ಈ ಪಾಡಾವನ್ನು ಒಂದು ಸಲವೂ ನೋಡಿರಲಿಲ್ಲ. ಆ ಮಾತು ಬೇರೆ ದೇಶದ ಜನರ ಬಗ್ಗೆ ಬರೆದ ಕರಪತ್ರದ್ದು. ಹೆಸರು ಬದಲಿಸಿದ್ದು ನಾನು. ಇವರಲ್ಲಿ ಯಾರೂ ಆ ಮಾತು ಹೇಳಿಲ್ಲ, ಇವರನ್ನು ಯಾರೂ ಕೇಳಿಯೂ ಇಲ್ಲ.”

ವಕೀಲ ಇನ್ನೂ ಒಂದೆರಡು ಕಡೆಯಿಂದ ಬಂದ. ಯಾರು ಕಳಿಸಿದರು, ಏನು ಆಸೆ ತೋರಿಸಿದರು. ಪ್ರತಿ ಸಲವೂ ಅದೇ ಉತ್ತರ ಕೊಟ್ಟೆ, ಒಂದು ಪದವನ್ನೂ ಚಂದ ಮಾಡದೆ. ಸಾಹೇಬರು ಕೊನೆಗೆ ಗುಮಾಸ್ತರಿಗೆ ಬರೆಸಿದರು: ಕರಪತ್ರವನ್ನು ಪುರಾವೆಯಾಗಿ ಪರಿಗಣಿಸುವುದಿಲ್ಲ. ಕರಪತ್ರ ಫೈಲಿನಲ್ಲೇ ಉಳಿಯಿತು, ಮೇಲೆ ಪೆನ್ನಿನ ಒಂದು ಅಡ್ಡಗೆರೆಯೊಂದಿಗೆ.

ತೀರ್ಪು ಅಲ್ಲ ಅದು. ತೀರ್ಪು ಇನ್ನೂ ಬಂದಿಲ್ಲ. ತಾರೀಖುಗಳು ಬರುತ್ತಿವೆ, ನಾನೂ ಹೋಗುತ್ತಿದ್ದೇನೆ. ಯಾವುದನ್ನೂ ತಪ್ಪಿಸಿಲ್ಲ, ತಪ್ಪಿಸುವುದೂ ಇಲ್ಲ. ಆದರೆ ಆ ದಿನ ಆಮೇಲೆ ನಡೆದದ್ದನ್ನು ಬರೆದೇ ನಿಲ್ಲಿಸಬೇಕು.

ಆಕೆಯ ಅತ್ತೆಯನ್ನು ಕರೆದರು. ಮುದುಕಿ ಸೊಸೆಯ ತೋಳು ಹಿಡಿದು ಬಂದು ನಿಂತಳು. ಎಷ್ಟು ವರ್ಷದಿಂದ ಇದ್ದೀರಿ ಎಂದು ಸಾಹೇಬರು ಕೇಳಿದರು. ಅವಳಿಗೆ ವರ್ಷದ ಲೆಕ್ಕ ಇರಲಿಲ್ಲ. ಯಾವ ಮರದಡಿ ಯಾರ ಹೆರಿಗೆಯಾಯಿತು, ಬಾವಿ ಮೊದಲು ಎಲ್ಲಿತ್ತು, ಯಾವ ಬಿಲ್ಡಿಂಗ್ ಎದ್ದ ಜಾಗದಲ್ಲಿ ತಾನು ಭತ್ತ ನಾಟಿ ಮಾಡಿದ್ದೆ ಎಂದು ಶುರು ಮಾಡಿದಳು. ಗುಮಾಸ್ತರು ಮಾತನ್ನು ಚಿಕ್ಕದು ಮಾಡಿ ಬರೆದುಕೊಳ್ಳುತ್ತಿದ್ದರು. ಸೊಸೆ ಬಗ್ಗಿ ಆ ಹಾಳೆ ನೋಡಿದಳು.

“ಅವರು ಇನ್ನೂ ಹೇಳ್ತಿದ್ದಾರೆ ಸಾಹೇಬ್,” ಎಂದಳು. “ಹೇಳಿದಷ್ಟೂ ಬರೀರಿ. ನಿಧಾನಕ್ಕೆ ಹೇಳಿಸ್ತೀನಿ.”

ಗುಮಾಸ್ತರು ಸಾಹೇಬರ ಮುಖ ನೋಡಿದರು. ಸಾಹೇಬರು ಬರೆಯಿರಿ ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಬ್ಯಾಗಿನಲ್ಲಿ ನೋಟ್‌ಬುಕ್ ಇತ್ತು, ತೆಗೆಯಲಿಲ್ಲ. ಬಾವಿಯ ಹತ್ತಿರದ ಮನೆಯ ಮಾತಿಗೆ ಬಂದಾಗ ಮುದುಕಿ ಒಂದು ಹೆಸರು ನೆನಪಾಗದೆ ನಿಂತಳು. ಯಾರೂ ಪದ ಎತ್ತಿಕೊಡಲಿಲ್ಲ. ಪೆನ್ನು ಎತ್ತಿ ಹಿಡಿದ ಗುಮಾಸ್ತರೂ, ಸೊಸೆಯೂ, ಸಾಹೇಬರೂ ಅವಳು ಮುಂದುವರಿಸುವವರೆಗೆ ಕಾದರು.